ಅತ್ತೆಯ ಬೆನ್ನಿಗೆ ಬಿದ್ದ ಅಂಕಿ

ನಮ್ಮ ಅತ್ತೆಯವರಿಗೆ ಡಾಕ್ಟರ ಮುಂದೆ ಕಾಯಿಲೆ ಇರುವುದಿಲ್ಲ. ಕತ್ರಿಗುಪ್ಪೆಯ ಮನೆಯಲ್ಲಿ ಬೆಳಗ್ಗೆ ಆರರಿಂದ "ಕಾಲು ಸೀಳ್ಹೋಗ್ತಿದೆ ಕಣೇ" ಎಂದು ನನ್ನ ತಲೆ ತಿನ್ನುವವರು, ಜಯನಗರದ ಆಸ್ಪತ್ರೆಯ ಕುರ್ಚಿಯಲ್ಲಿ ಕುಳಿತೊಡನೆ ಸೆರಗು ಸರಿಮಾಡಿಕೊಂಡು ಮದುವೆಮನೆಗೆ ಬಂದವರ ಹಾಗೆ ನಗುತ್ತಾರೆ. "ತಿಂಡಿ ಆಯ್ತಾ ಡಾಕ್ಟ್ರೇ?" ಎಂದು ಅವರೇ ವಿಚಾರಿಸುತ್ತಾರೆ.

ಸೊಂಟದ ಹತ್ತಿರ, ಬೆನ್ನೆಲುಬಿನೊಳಗೆ ನರಗಳು ಇಳಿಯುವ ದಾರಿ ಕಿರಿದಾಗಿದೆ ಎಂದು ಸ್ಕ್ಯಾನ್ ಹೇಳಿತ್ತು. ಉಳಿದದ್ದನ್ನು ನಾನು ಹೇಳಬಲ್ಲೆ. ಹಾಲಿನ ಬೂತಿಗೆ ಹೋಗಿ ಬರಲು ಅತ್ತೆ ಮೂರು ಕಡೆ ಕೂರುತ್ತಾರೆ. ಟೈಲರ್ ಅಂಗಡಿಯ ಮೆಟ್ಟಿಲು, ಔಷಧಿ ಅಂಗಡಿಯ ಕಟ್ಟೆ, ಹೂವಿನವಳ ಸ್ಟೂಲು. ಮುಂದಕ್ಕೆ ಬಾಗಿ ಎರಡು ನಿಮಿಷ ಕೂತರೆ ಕಾಲಿಗೆ ಜೀವ ಬರುತ್ತದೆ. ಹೋದ ಯುಗಾದಿಯ ಹೊತ್ತಿಗೆ ಎರಡೇ ಕಡೆ ಕೂರುತ್ತಿದ್ದರು, ಈಗ ಮೂರಾಗಿದೆ. ಸೂಪರ್ ಮಾರ್ಕೆಟ್ಟಿನಲ್ಲಿ ಮಾತ್ರ ಟ್ರಾಲಿಯ ಮೇಲೆ ಬಾಗಿ ಅದನ್ನು ತಳ್ಳಿಕೊಂಡು ಸರಾಗವಾಗಿ ನಡೆಯುತ್ತಾರೆ. ಅದನ್ನು ಕಂಡ ಎದುರುಮನೆಯಾಕೆ "ಆಂಟಿಗೇನೂ ಆಗಿಲ್ಲ ಬಿಡಿ, ಸಖತ್ತಾಗಿ ಓಡಾಡ್ತಾರೆ" ಎಂದು ತೀರ್ಪನ್ನೂ ಕೊಟ್ಟಾಗಿತ್ತು. ಅಂಥ ಕಣ್ಣುಗಳಿಗೆ ನಮ್ಮ ಬೀದಿಯಲ್ಲಿ ಬರವಿಲ್ಲ.

ಹಿರಿಯ ಡಾಕ್ಟರು ಎಡಪಾದದ ಬೆರಳುಗಳನ್ನು ಒತ್ತಿ ನೋಡಿ, "ಬಲ ಕಡಿಮೆ ಆಗ್ತಿದೆ. ಆಪರೇಷನ್ ತಡ ಮಾಡ್ಬೇಡಿ, ಹೋದ ಬಲ ವಾಪಸ್ ಬರುತ್ತೆ ಅಂತ ಹೇಳಕ್ಕಾಗಲ್ಲ" ಎಂದರು. ವಿವರ ಬರೆದುಕೊಳ್ಳಲು ಕಿರಿಯ ಡಾಕ್ಟರಮ್ಮ ಒಬ್ಬರು ಬಂದರು.

"ನಡೆಯೋವಾಗ ಕಾಲು ನೋವು, ಜೋಮು ಬರುತ್ತಾ ಅಜ್ಜಿ?"

ಅಜ್ಜಿ ಎಂದದ್ದೇ ತಪ್ಪಾಯಿತು. "ನಾನು ಬನಶಂಕರಿ ದೇವಸ್ಥಾನಕ್ಕೆ ನಡ್ಕೊಂಡೇ ಹೋಗ್ತೀನಮ್ಮ" ಎಂದರು ಅತ್ತೆ. ಹೋಗುತ್ತಿದ್ದದ್ದು ನಿಜ, ಆರು ವರ್ಷದ ಹಿಂದೆ. ಆ ಹುಡುಗಿ ಹಾಗೆಯೇ ಬರೆದುಕೊಂಡಳು. ನಮ್ಮ ಮನೆಯಲ್ಲಿ ಹೊರಗಿನವರ ಎದುರು ಹಿರಿಯರ ಮಾತಿಗೆ ಸೊಸೆ ಎದುರಾಡುವ ಪದ್ಧತಿ ಇಲ್ಲ. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತೆ.

ಮೂರು ದಿನದ ಮೇಲೆ ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನಿಂದ ಕರೆ ಬಂತು. ಅತ್ತೆಯನ್ನೂ ಕರೆದುಕೊಂಡು ಹೋದೆ. ಗೇಟಿಗೆ ಎದುರಾಗಿದ್ದ ಗಾಜಿನ ಹಿಂದೆ ಮೂವರು. ಒಬ್ಬ ಟೈಪ್ ಮಾಡುತ್ತಿದ್ದ, ಇಬ್ಬರು ಅವನು ಟೈಪ್ ಮಾಡುವುದನ್ನು ನೋಡುತ್ತಿದ್ದರು.

"ಆಪರೇಷನ್ ಅಪ್ರೂವಲ್ ರಿಜೆಕ್ಟ್ ಆಗಿದೆ ಮೇಡಂ. ಕೋಡ್ ನೋಡಿ." ಅವನು ತಿರುಗಿಸಿದ ಪರದೆಯಲ್ಲಿ ಎಂ48.061 ಎಂದಿತ್ತು. ಕಾಯಿಲೆಗೊಂದು ಸಂಖ್ಯೆಯಂತೆ, ಕೊನೆಯ ಅಂಕಿ ಒಂದಾದರೆ ನಡೆದಾಗ ಕಾಲು ಹಿಡಿಯುವುದಿಲ್ಲ ಎಂದು, ಎರಡಾದರೆ ಹಿಡಿಯುತ್ತದೆ ಎಂದು ಅರ್ಥ. "ಒಂದಕ್ಕೆ ಫಿಸಿಯೋಥೆರಪಿ ಸಾಕು ಅಂತಾರೆ ಇನ್ಶೂರೆನ್ಸ್ ಕಂಪನಿಯವ್ರು."

"ಹಾಗಾದ್ರೆ ಎರಡು ಹಾಕಿ."

"ಹೇಗೆ ಹಾಕೋದು? ಡಾಕ್ಟರ್ ಬರ್ದಿಲ್ಲ. ಬರ್ದಿಲ್ಲ ಅಂದ್ರೆ ಇಲ್ಲ."

"ಗೇಟಿಂದ ಇಲ್ಲಿಗೆ ಬರೋಷ್ಟರಲ್ಲಿ ಅವ್ರು ಎರಡು ಸಲ ಕೂತ್ರು. ನೀವೇ ನೋಡಿದ್ರಲ್ಲ?"

"ನಾನು ನೋಡಿದ್ದು ನಡೆಯಲ್ಲ ಮೇಡಂ." ಎಷ್ಟು ಹೆಮ್ಮೆಯಿಂದ ಹೇಳಿದನೆಂದರೆ, ತನ್ನ ಎರಡು ಕಣ್ಣುಗಳನ್ನೂ ಕೆಲಸಕ್ಕೆ ಸೇರಿದ ದಿನವೇ ಗೇಟಿನಲ್ಲಿ ಒಪ್ಪಿಸಿ ಬಂದವನಂತಿದ್ದ. ಇವರಿಗೆ ಸಂಬಳ ಕೊಡುವ ಬದಲು ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿದ್ದರೆ ಅದು ಇಷ್ಟು ಮಾತಾದರೂ ಆಡುತ್ತಿರಲಿಲ್ಲ.

ಆದರೆ ಹೊರಗೆ ಬೆಂಚಿನ ಮೇಲೆ ಕೂತಾಗ ನನ್ನ ಮೇಲೆಯೇ ಹೆಚ್ಚು ಅಸಹ್ಯ ಬಂತು. ಅವನು ನಾವು ಬರೆಸಿದ್ದನ್ನು ತಾನೇ ಕೋಡ್ ಮಾಡಿದ್ದು? ಪೇಪರ್ ಹಾಕುವವನು ಐದು ನಿಮಿಷ ತಡ ಮಾಡಿದರೂ ಡೈರಿಯಲ್ಲಿ ಬರೆದಿಡುವ ನಾನು, ಬಾಯಿ ಬಿಡಬೇಕಾದ ಕಡೆ ಕ್ಯಾಲೆಂಡರ್ ಓದಿದ್ದೆ.

ಮತ್ತೆ ಹಿರಿಯ ಡಾಕ್ಟರ ಚೀಟಿ ಮಾಡಿಸಿದೆ. ಬಾಗಿಲ ಬಳಿ ಅತ್ತೆ ಮೊಣಕೈ ತಿವಿದು, "ಒಳಗೆ ಏನೇನೋ ಒದರ್ಬೇಡ. ನನ್ನ ಕುಂಟಿ ಅನ್ನಿಸ್ಬೇಕು ಅಂತಿದೀಯಾ?" ಎಂದರು. ನಾನು ಒದರಿದೆ. ಮೆಟ್ಟಿಲು, ಕಟ್ಟೆ, ಸ್ಟೂಲು, ಎಲ್ಲವನ್ನೂ. ಅತ್ತೆ "ಸುಳ್ಳು" ಎಂದರು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ಪರರ ಎದುರು, "ಸುಳ್ಳು ನಿಮ್ದು ಅತ್ತೆ" ಎಂದೆ.

ಡಾಕ್ಟರು ಎದ್ದರು. "ಬನ್ನಿ ಅಮ್ಮ, ಕಾರಿಡಾರಲ್ಲಿ ಒಂದು ರೌಂಡ್ ಹೋಗಿ ಬರೋಣ."

ಅತ್ತೆ ನನ್ನತ್ತ ಒಂದು ನೋಟ ಎಸೆದು, ಬೆನ್ನು ನೆಟ್ಟಗೆ ಮಾಡಿಕೊಂಡು ಹೊರಟರು. ನೀರಿನ ಫಿಲ್ಟರಿನ ತನಕ ಚೆನ್ನಾಗಿಯೇ ಹೋದರು. ತಿರುಗಿ ಬರುವಾಗ ಕೈ ಗೋಡೆಗೆ ಹೋಯಿತು. ಅರ್ಧ ದಾರಿಯಲ್ಲಿ ನಿಂತರು.

"ಕೂರ್ಬೇಕು ಡಾಕ್ಟ್ರೇ."

"ಏನಾಗ್ತಿದೆ?"

ಅತ್ತೆ ಗೋಡೆ ಹಿಡಿದು ಮುಂದಕ್ಕೆ ಬಾಗಿದರು. "ಕಾಲು ನಂದು ಅನ್ನಿಸ್ತಿಲ್ಲ" ಎಂದರು. ಆ ದನಿಯನ್ನು ಮನೆಯಲ್ಲೂ ನಾನು ಕೇಳಿರಲಿಲ್ಲ.

ಡಾಕ್ಟರು ನಿಂತಲ್ಲೇ ನಾಲ್ಕು ಸಾಲು ಬರೆದರು. ಕೌಂಟರಿನವನು ಒಂದನ್ನು ಅಳಿಸಿ ಎರಡು ಒತ್ತಿ, "ನೋಡಿ ಮೇಡಂ, ಸಿಂಪಲ್" ಎಂದ. ಮರುದಿನ ಒಪ್ಪಿಗೆ ಬಂತು, ಆಪರೇಷನ್ನಿಗೆ ಸೋಮವಾರ ಗೊತ್ತಾಯಿತು.

ಭಾನುವಾರ ಸಂಜೆ ಅತ್ತೆ ತಮ್ಮ ತಂಗಿಗೆ ಫೋನ್ ಮಾಡಿದರು, ನನಗೆ ಕೇಳಲೆಂದೇ ಸ್ಪೀಕರ್ ಹಾಕಿ. "ನಂಗೇನೂ ಇರ್ಲಿಲ್ಲ ಕಣೇ. ಇವ್ಳೇ ಡಾಕ್ಟರಿಗೆ ಹೇಳೀ ಹೇಳೀ ಮಾಡಿಸ್ತಿರೋದು."

ಹೇಳಿಕೊಳ್ಳಲಿ. ಅವರ ಎರಡು ಹತ್ತಿ ಸೀರೆ, ಟವೆಲು, ಹಲ್ಲುಜ್ಜುವ ಬ್ರಶ್ಶು ಚೀಲಕ್ಕೆ ಹಾಕಿ, ಆಸ್ಪತ್ರೆಯ ಫೈಲನ್ನು ಎಲ್ಲಕ್ಕಿಂತ ಮೇಲಿಟ್ಟೆ.