ಅತ್ತಿಗೆ ಅಣ್ಣನನ್ನು ಹೊತ್ತು ಇಳಿದದ್ದು

ಅತ್ತಿಗೆ ಜುನ್‌ಕಿರಿ ಐವತ್ತು ಕಿಲೋ ಹೊತ್ತು ಬೀಡಿ ಸೇದುತ್ತ ಏರು ಹತ್ತುವವಳು. ಅಣ್ಣ ಆಸ್‌ಬೀರ್ ನಲವತ್ತಕ್ಕೇ ಏದುಸಿರು ಬಿಡುತ್ತಿದ್ದ. ಹೊರೆಯವರೆಲ್ಲ ನಕ್ಕರೆ, "ನನ್ ಪಾಲಿನ ಶಕ್ತೀನೂ ಅವಳಿಗೇ ಕೊಟ್ಬಿಟ್ಟಿದೀನಿ ಕಣ್ರೋ" ಅನ್ನುತ್ತಿದ್ದ.

ನಮ್ಮದು ಬುಂಗ್ ಎಂಬ ಬೆಟ್ಟದ ಹಳ್ಳಿ. ಚಾರಣಿಗರು ಬರುವ ಕಾಲಕ್ಕೆ ಅಣ್ಣ, ಅತ್ತಿಗೆ, ತಂಗಿಯಾದ ನಾನು, ಮೂವರೂ ಅವರ ಡೇರೆ, ಅಕ್ಕಿ, ಸೀಮೆಎಣ್ಣೆ ಹೊತ್ತು ಮೇರಾ ಹಿಮಶಿಖರದ ಬುಡದವರೆಗೆ ಹೋಗುತ್ತಿದ್ದೆವು. ಬೆನ್ನಿನ ಬುಟ್ಟಿಯ ಭಾರವನ್ನು ತಲೆಯಿಂದ ಎಳೆದು ಹೊರುವ ಹಣೆಪಟ್ಟಿ ರಾತ್ರಿ ಮರಗಟ್ಟಿರುತ್ತದೆ; ಬೆಳಗ್ಗೆ ಅದನ್ನು ಬೆಂಕಿಗೆ ಹಿಡಿದು ಮೆತ್ತಗೆ ಮಾಡಿಕೊಳ್ಳಬೇಕು. ರಾಗಿ ಮುದ್ದೆ ನುಂಗಿ ಹೊರಟರೆ ನೂರು ಹೆಜ್ಜೆಗೊಮ್ಮೆ ಬುಟ್ಟಿಯ ತಳಕ್ಕೆ ಊರುಗೋಲು ಕೊಟ್ಟು, ನಿಂತಲ್ಲೇ ಉಸಿರು ತೆಗೆದುಕೊಂಡು ಮತ್ತೆ ನೂರು ಹೆಜ್ಜೆ. ಸಂಜೆಗೆ ಬಂಡೆಯ ಮರೆ. ಮೂವರಿಗೆ ಎರಡು ಕಂಬಳಿ, ನಡುವೆ ಅಣ್ಣ.

ಆ ಸಲ ಶಿಖರದ ಬುಡದ ಬಿಡಾರ ಖಾರೆ ತಲುಪುವ ಮುಂಚೆಯೇ ಅವನಿಗೆ ತಲೆನೋವು. ಮರುದಿನ ಬೆಳಗ್ಗೆ ಉಗುಳಿದ್ದರಲ್ಲಿ ರಕ್ತ. ಉಸಿರೆಳೆದರೆ ಎದೆಯೊಳಗೆ ನೀರು ಕುದಿಯುವ ಸದ್ದು. ಅತ್ತಿಗೆ ಹೊರೆಯವರ ಮೇಸ್ತ್ರಿಯ ಹತ್ತಿರ ಹೋದಳು.

"ಇದು ಎತ್ತರದ ಕಾಯಿಲೆ, ಕೆಳಗೆ ಇಳಿಸ್ಬೇಕು ಸಾಹೇಬ್ರೇ. ಹೊರೋಕೆ ಇಬ್ಬರು ಗಂಡಸ್ರನ್ನ ಕೊಡಿ."

"ಕೊಟ್ರೆ ಸಾಮಾನು ಯಾರು, ನಿಮ್ಮಪ್ಪ ಹೊರ್ತಾನಾ? ಬೆಳ್ಳುಳ್ಳಿ ಸಾರು ಕುಡಿಸು, ನಾಳೆ ನೋಡೋಣ."

ಅತ್ತಿಗೆ ತನ್ನ ಬುಟ್ಟಿಯ ಅಕ್ಕಿಚೀಲವನ್ನು ಅವನ ಕಾಲ ಬಳಿ ದಬ್ಬೆಂದು ಇಳಿಸಿ, ಕಾಲು ಹೊರಗೆ ಇಳಿಬಿಡಲು ಜಾಗವಾಗುವಂತೆ ಕುಡುಗೋಲಿನಿಂದ ಬುಟ್ಟಿಯ ಒಂದು ಬದಿ ಕತ್ತರಿಸಿದಳು. ಅದರೊಳಗೆ ಅಣ್ಣನನ್ನು ಅವಳ ಬೆನ್ನಿಗೆ ಬೆನ್ನು ಕೊಟ್ಟಂತೆ ಕೂರಿಸಿ, ಕಂಬಳಿ ಸುತ್ತಿ ಕಟ್ಟಿದೆವು. ನಾನೂ ನನ್ನ ಹೊರೆ ಬಿಟ್ಟೆ. "ಇನ್ನು ಈ ಕಡೆ ಕೆಲ್ಸ ಕೇಳ್ಕೊಂಡು ಬರ್ಬೇಡಿ" ಎಂದು ಮೇಸ್ತ್ರಿ ಕೂಗುತ್ತಲೇ ಇದ್ದ.

ಅವಳು ಮುಂದೆ, ನಾನು ಹಿಂದೆ. ಅಣ್ಣನ ಮುಖ ನನ್ನ ಕಡೆಗೇ ಇತ್ತು.

"ಏ ಮುದುಕಿ, ಮೆಲ್ಲಗೆ ನಡಿಯೇ. ಮದುವೆ ದಿನಾನೂ ಇಷ್ಟು ಕುಲುಕಾಡಿರ್ಲಿಲ್ಲ."

"ಬಾಯ್ಮುಚ್ಕೊಂಡು ಕೂತ್ಕೋ. ಕೆಲ್ಸಗಳ್ಳ. ಹೊರೆ ತಪ್ಪಿಸ್ಕೊಳಕ್ಕೆ ಎಂಥಾ ನಾಟಕ!"

ಅವನು ನಗಲು ಹೋಗಿ ಕೆಮ್ಮಿದ. ದಾರಿಯ ಹಳ್ಳಿ ತಂಗ್ನಾಗ್‌ನಲ್ಲಿ ಬಿಸಿನೀರು ಕುಡಿಸಿದರೆ ಮೂಗಿನಿಂದಲೇ ಹೊರಬಂತು. ಅಲ್ಲಿಂದ ಮುಂದೆ ಹಿಮ ಬೀಳತೊಡಗಿತು. ನದಿ ದಂಡೆಯ ಕಲ್ಲುಗಳೆಲ್ಲ ಜಾರುತ್ತಿದ್ದವು. ಸೀಳಿದ ದೊಡ್ಡ ಬಂಡೆಯೊಂದರ ಹತ್ತಿರ ಅವನು ಕಣ್ಣು ಬಿಟ್ಟು, "ಕಾಂಛೀ" ಎಂದು ನನ್ನನ್ನು ಕರೆದ. ಮನೆಯ ಕಿರಿಯವಳು ನಾನು, ಹಾಗೇ ಕರೆಯುತ್ತಿದ್ದ. ನಾನು ಹತ್ತಿರ ಹೋಗುವಷ್ಟರಲ್ಲಿ ಅವನ ಗದ್ದ ಎದೆಗೆ ಬಿತ್ತು. ಮೂಗಿನ ಕೆಳಗೆ ಬೆರಳಿಟ್ಟೆ. ಉಸಿರಿರಲಿಲ್ಲ.

ಹೇಳಿದ್ದರೆ ಅವಳು ಅಲ್ಲೇ ಕುಸಿಯುತ್ತಿದ್ದಳು. ಹಿಮದಲ್ಲಿ ಕೂತರೆ ನಾವಿಬ್ಬರೂ ಏಳುವುದಿಲ್ಲವೆಂದು ನನಗೆ ಗೊತ್ತಿತ್ತು. ತುಟಿ ಕಚ್ಚಿಕೊಂಡು, ತೂಗಾಡುತ್ತಿದ್ದ ಅವನ ಕಾಲುಗಳನ್ನು ಕಂಬಳಿಯೊಳಗೆ ಸೇರಿಸಿದೆ.

"ಯಾಕೋ ಮಾತಾಡಲ್ಲ? ಕೋಪಾನಾ?" ಎಂದು ಅತ್ತಿಗೆ ಅವನನ್ನು ಕೇಳಿದಳು. ಸ್ವಲ್ಪ ಹೊತ್ತು ಬಿಟ್ಟು, "ನಾನಿಲ್ಲಿ ಸಾಯ್ತಿದೀನಿ, ನೀನು ನಿದ್ದೆ ಹೊಡೀತಿದೀಯಾ? ಥೂ, ನಿನ್ನ ಕಟ್ಕೊಂಡು ಏನು ಸುಖ ಕಂಡೆ ನಾನು!" ಹಾಗೆ ಒಂದೂವರೆ ಗಂಟೆ ಬೈಯುತ್ತಲೇ ಕೆಳಗಿನ ಹಳ್ಳಿ ಕೋಠೆಗೆ ಇಳಿದಳು. ನಾನು ಹಿಂದೆ ಸದ್ದಿಲ್ಲದೆ ಅಳುತ್ತಿದ್ದೆ.

ಅಲ್ಲಿನ ಛತ್ರದ ಜಗುಲಿಯ ಮೇಲೆ ಅತ್ತಿಗೆ ಬುಟ್ಟಿ ಇಳಿಸಿ ತಿರುಗಿ ನೋಡಿದಾಗ ಅಣ್ಣನ ಹುಬ್ಬಿನ ಮೇಲೆ ಹಿಮ ಕರಗದೆ ಕೂತಿತ್ತು. ಅವಳು ಅದನ್ನು ಒರೆಸಿದಳು. ಮತ್ತೆ ಮತ್ತೆ ಒರೆಸಿದಳು. ಅಳಲಿಲ್ಲ. ನೆಲ ಕಲ್ಲಿನಂತೆ ಗಟ್ಟಿಯಾಗಿತ್ತು; ಅವನನ್ನು ಮಣ್ಣು ಮಾಡಲು ಮೊಣಕಾಲಾಳ ಅಗೆಯುವುದಕ್ಕೇ ನಮಗೆ ಮಾರನೆಯ ದಿನ ಪೂರ್ತಿ ಹಿಡಿಯಿತು.

ಮುಂದಿನ ಬೇಸಗೆಯಿಂದ ಬೇರೆ ಮೇಸ್ತ್ರಿಯ ಕೆಳಗೆ ಅದೇ ದಾರಿ, ಅದೇ ಹೊರೆ. ನಮಗೆ ಬೇರೆ ಏನಿದೆ? ಅತ್ತಿಗೆ ಈಗ ಯಾರೊಡನೆಯೂ ಮಾತಾಡುವುದಿಲ್ಲ. ಕೋಠೆಗೆ ಇಳಿಯುವ ಆ ಇಳಿಜಾರಿನಲ್ಲಿ ಮಾತ್ರ ನಿಂತು ನನ್ನನ್ನು ಕೇಳುತ್ತಾಳೆ: "ನಾನು ಬೈದಿದ್ದು ಅವನಿಗೆ ಕೇಳಿಸಿರುತ್ತಾ ಕಾಂಛಿ? ಕೋಠೆ ಹತ್ರಾನಲ್ವಾ ಅವನ ಜೀವ ಹೋಗಿದ್ದು?"

"ಹೂಂ ಅತ್ತಿಗೆ, ಕೋಠೆ ಹತ್ರಾನೇ" ಅನ್ನುತ್ತೇನೆ. "ಬೈತಿದ್ರೆ ನಗ್ತಾನೇ ಇದ್ದ."

ಅವಳು ನಂಬುವುದಿಲ್ಲ. ನಾಲ್ಕು ವರ್ಷದಿಂದ ಪ್ರತಿ ಸಲವೂ ಕೇಳುತ್ತಾಳೆ.