ಪಾಲಿಗೆ ಬಂದ ಎಂಜಿನ್

ನನ್ನ ಷಡ್ಡಕನ ಮೇಲೆ ಸೇಡು ತೀರಿಸಿಕೊಳ್ಳಲು ನಾನು ಮೂರು ಬೇಸಿಗೆಗಳನ್ನೂ ನನ್ನ ಎಡ ಮಂಡಿಯನ್ನೂ ಸವೆಸಿದ್ದೇನೆ. ಅವನು ನನ್ನ ಹೆಂಡತಿಯ ಅಕ್ಕನ ಗಂಡ. ಎದುರಿಗೆ ‘ಭಾವ’, ‘ನೀವು’ ಎಂದೇ ಮಾತಾಡಿಸುತ್ತೇನೆ. ಮನಸ್ಸಿನಲ್ಲಿ ಅವನು ಏಕವಚನಕ್ಕೆ ಇಳಿದು ಬಹಳ ಕಾಲವಾಯಿತು, ಈ ಬರಹದಲ್ಲೂ ಅಲ್ಲೇ ಇರಲಿ.

ನಾವಿಬ್ಬರೂ ಮೈಸೂರಿನಲ್ಲಿ ಮೆಕ್ಯಾನಿಕಲ್ ಓದಿ, ಆಮೇಲೆ ಒಂದು ನಟ್ಟನ್ನೂ ಮುಟ್ಟದೆ ಮ್ಯಾನ್‌ಹಟನ್ನಿನ ಒಂದೇ ಬ್ಯಾಂಕಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಕೂದಲು ಉದುರಿಸಿಕೊಂಡವರು. ಅದಕ್ಕೇ ಇರಬೇಕು, ನ್ಯೂಜೆರ್ಸಿಯ ಸಮುದ್ರದಂಚಿನ ಒಂದು ಬೋಟ್ ಯಾರ್ಡಿನಲ್ಲಿ ಆ ಹಳೆಯ ಕ್ಯಾಬಿನ್ ಕ್ರೂಸರನ್ನು ಕಂಡಾಗ ಇಬ್ಬರಿಗೂ ಒಟ್ಟಿಗೇ ಹುಚ್ಚು ಹಿಡಿಯಿತು. ಮೂವತ್ತೆರಡು ಅಡಿ ಉದ್ದ, ಒಳಗೆ ಎರಡು ಮಂಚ, ಒಂದು ಪುಟ್ಟ ಒಲೆ. ಕಬ್ಬಿಣದ ಆನಿಕೆಗಳ ಮೇಲೆ ವರ್ಷಗಟ್ಟಲೆ ನಿಂತು ಡೆಕ್ಕಿನ ಮರ ಬೆರಳೊತ್ತಿದರೆ ಪುಡಿಯಾಗುತ್ತಿತ್ತು. ನೆಲದಡಿಯ ಎರಡು ಎಂಜಿನ್‌ಗಳೂ ತುಕ್ಕು ಹಿಡಿದು ಬಿಗಿದುಕೊಂಡಿದ್ದವು. ಜಂಟಿಯಾಗಿ ಕೊಂಡೆವು. ಆ ವಸಂತದಲ್ಲಿ ಬೋಟಿನ ತಳ ಕೆರೆದು ಮನೆಗೆ ಬರುವಾಗ ನಾನು ಮೈಯೆಲ್ಲ ಹಳೆ ಬಣ್ಣದ ಪುಡಿ ಮೆತ್ತಿಕೊಂಡು, ಹಾಡಿಕೊಂಡು ಬರುತ್ತಿದ್ದೆ.

ಮೇ ತಿಂಗಳಲ್ಲಿ ಬ್ಯಾಂಕು ನಾನಿದ್ದ ಟೀಮನ್ನು ಪೂರ್ತಿ ತೆಗೆದುಹಾಕಿತು. ಷಡ್ಡಕ ನನಗಿಂತ ಮೂರು ಮೆಟ್ಟಿಲು ಮೇಲಿದ್ದವನು, ಯಾರನ್ನು ತೆಗೆಯಬೇಕೆಂದು ಪಟ್ಟಿ ಮಾಡುವ ಮೀಟಿಂಗುಗಳಲ್ಲಿ ಕೂರುವವನು. ಪಟ್ಟಿ ಎರಡು ವಾರ ಮೊದಲೇ ಸಿದ್ಧವಾಗಿತ್ತೆಂದು ಆಮೇಲೆ ಅಲ್ಲಿಯವರೇ ಹೇಳಿದರು. ಆ ಎರಡೂ ವಾರದ ಕೊನೆಯಲ್ಲಿ ಅವನು ನನ್ನ ಪಕ್ಕದಲ್ಲೇ ಕೂತು ತಳ ಕೆರೆದಿದ್ದ, ನನ್ನ ಡಬ್ಬಿಯ ಪುಳಿಯೋಗರೆ ತಿಂದಿದ್ದ. ಅದೇ ದಿನಗಳಲ್ಲಿ ಇನ್ನೊಂದು ಕಂಪನಿಯಿಂದ ಕರೆ ಬಂದಾಗ ನಾನು, ಇಲ್ಲೇ ಹಾಯಾಗಿದ್ದೇನೆ, ಬೇಡ ಎಂದಿದ್ದೆ. ಅವನು ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. “ಗೊತ್ತಿದ್ದೂ ಬಾಯಿ ಮುಚ್ಕೊಂಡು ಕೂತಿದ್ರಲ್ಲ ಭಾವ, ನೀವೂ ಒಬ್ಬ ಮನುಷ್ಯರಾ?” ಅಂದೆ. ಅವನು “ಏನಂತ ಹೇಳ್ಲಿ” ಎಂದು ಫೋನ್ ಇಟ್ಟ. ತಪ್ಪು ಮಾಡಿದವನು ಹಾಗೇ ಅಲ್ಲವೇ ಇಡುವುದು? ಎಂಟು ತಿಂಗಳು ಕೆಲಸವಿಲ್ಲದೆ ಕೂತೆ. ದೊಡ್ಡ ಮನೆ ಬಿಟ್ಟು ಹ್ಯಾರಿಸನ್ನಿನಲ್ಲಿ ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟಿಗೆ ಬಂದೆವು. ಅಡುಗೆಮನೆಯಲ್ಲಿ ಪಾತ್ರೆ ಸದ್ದಾದರೂ ನಾನು ಸಿಡುಕುತ್ತಿದ್ದ ದಿನಗಳವು.

ಬೋಟನ್ನು ಮಾರೋಣವೆಂದರೆ ಕೊಳ್ಳುವವರಿಲ್ಲ. ನಮ್ಮಿಬ್ಬರ ನಡುವೆ ಮಾತಿಲ್ಲ. ಕೊನೆಗೆ ಅಕ್ಕತಂಗಿಯರು ಫೋನಿನಲ್ಲೇ ಪಂಚಾಯಿತಿ ಮಾಡಿ, ನಮ್ಮ ಕಡೆ ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುತ್ತಾರಲ್ಲ, ಹಾಗೆ ಬೋಟನ್ನು ಪಾಲು ಮಾಡಿದರು. ಹಿರಿಯನೆಂದು ಬಲಗಡೆಯ ಎಂಜಿನ್ ಅವನಿಗೆ, ಎಡಗಡೆಯದು ನನಗೆ. ಒಲೆ ಮತ್ತು ಟಾಯ್ಲೆಟ್ ಜಂಟಿ. ಅವನಿಗೆ ಶನಿವಾರ ದೇವಸ್ಥಾನವಿರುವುದರಿಂದ ಶನಿವಾರ ನನ್ನ ದಿನ, ಭಾನುವಾರ ಅವನದು. ಎರಡು ಎಂಜಿನ್‌ಗಳ ನಡುವೆ ಉದ್ದಕ್ಕೂ ನೀಲಿ ಟೇಪ್ ಅಂಟಿಸಿದವನು ನಾನೇ. ಯಾರ್ಡಿನವರು ಅದನ್ನು ನೋಡಿ ನಕ್ಕಾಗ ನನಗೆ ನಾಚಿಕೆಯೇನೂ ಆಗಲಿಲ್ಲ.

ಹೊಸ ಕೆಲಸ ಸಿಕ್ಕಮೇಲೂ ನನ್ನ ಪ್ರಾಣವೆಲ್ಲ ಶನಿವಾರದಲ್ಲೇ ಇತ್ತು. ಯಾರ್ಡಿನ ಕ್ರೇನಿನಲ್ಲಿ ಎಂಜಿನ್ ಎತ್ತಿಸಿ ಷೆಡ್ಡಿನ ಸ್ಟ್ಯಾಂಡಿಗೆ ಕೂರಿಸಿದೆ. ಬಿಗಿದುಕೊಂಡ ಪಿಸ್ಟನ್‌ಗಳ ಮೇಲೆ ವಾರಗಟ್ಟಲೆ ಎಣ್ಣೆ ನಿಲ್ಲಿಸಿ, ಮರದ ತುಂಡಿಟ್ಟು ಬಡಿದು ಬಡಿದು ಬಿಡಿಸಿದೆ. ಒಂದೊಂದು ಏಟಿಗೂ ಷಡ್ಡಕನ ಮುಖ ನೆನೆಸಿಕೊಂಡರೆ ತೋಳಿಗೆ ಬಲ ಬರುತ್ತಿತ್ತು. ನನಗೆ ಬೇಕಾಗಿದ್ದದ್ದು ಒಂದೇ. ನಡುನೀರಿನಲ್ಲಿ ಅವನ ಎಂಜಿನ್ ಕೈಕೊಡಬೇಕು, ನನ್ನದು ಅವನನ್ನು ಹೊತ್ತು ದಡಕ್ಕೆ ತರಬೇಕು, ಆಗ ಅವನು ತನ್ನ ಬಾಯಿಂದಲೇ ತಪ್ಪಾಯಿತು ಎನ್ನಬೇಕು. ಅದಕ್ಕಾಗಿ ಒಂದೊಂದು ಬೋಲ್ಟನ್ನೂ ಎರಡೆರಡು ಸಲ ಬಿಗಿದೆ. ಆದರೆ ಅವನೂ ಅಚ್ಚುಕಟ್ಟಾಗಿಯೇ ಕೆಲಸ ಮಾಡುತ್ತಿದ್ದ. ಪ್ರತಿ ಶನಿವಾರ ಪಕ್ಕದ ಸ್ಟ್ಯಾಂಡಿನಲ್ಲಿ ಅವನ ಎಂಜಿನ್ ನೋಡಿ ಹೊಟ್ಟೆ ಉರಿಸಿಕೊಳ್ಳುತ್ತಿದ್ದೆ.

ಮೂರನೆಯ ಬೇಸಿಗೆಯ ಜೂನ್ ತಿಂಗಳಲ್ಲಿ ದೇವರು ಕಣ್ಣುಬಿಟ್ಟ. ಇಂಥ ಬೋಟುಗಳಲ್ಲಿ ಎರಡು ಎಂಜಿನ್‌ಗಳೂ ಒಂದೇ ಕಡೆಗೆ ತಿರುಗುವುದಿಲ್ಲ. ಎಡಗಡೆಯದು ಕಾರಿನ ಎಂಜಿನ್ನಿನಂತೆ, ಬಲಗಡೆಯದು ಅದಕ್ಕೆ ತದ್ವಿರುದ್ಧ. ಎಂಜಿನ್ನಿನ ಹಿಂಭಾಗದಲ್ಲಿ, ಒಳಗೆ ತಿರುಗುವ ಉಕ್ಕಿನ ದಂಡ ಹೊರಗೆ ಬರುವ ಕಡೆ, ಎಣ್ಣೆ ಸೋರದಂತೆ ಒಂದು ರಬ್ಬರಿನ ಆಯಿಲ್ ಸೀಲ್ ಇರುತ್ತದೆ. ಅದರ ಒಳಅಂಚಿನ ಓರೆಗೆರೆಗಳು ದಂಡ ಸರಿಯಾದ ದಿಕ್ಕಿಗೆ ತಿರುಗಿದರೆ ಎಣ್ಣೆಯನ್ನು ಒಳಕ್ಕೆ ತಳ್ಳುತ್ತವೆ, ತಪ್ಪು ದಿಕ್ಕಿಗೆ ತಿರುಗಿದರೆ ಹೊರಕ್ಕೆ. ಅವನ ಎಂಜಿನ್ನಿಗೆ ಕೂರಿಸಿದ್ದ ಹೊಸ ಸೀಲಿನ ಮೇಲೆ ಅಚ್ಚಾಗಿದ್ದ ಬಾಣ ಉಲ್ಟಾ ಇತ್ತು! ದಿಕ್ಕನ್ನು ಎಂಜಿನ್ನಿನ ಹಿಂದೆ ನಿಂತು ನೋಡಿ ಗುರುತಿಸಬೇಕು. ಅವನು ಮುಂದೆ ನಿಂತು ನೋಡಿ ಆರ್ಡರ್ ಮಾಡಿದ್ದಾನೆ. ಪ್ರತಿ ಶನಿವಾರ ನವಗ್ರಹಗಳಿಗೆ ಒಂಬತ್ತು ಸುತ್ತು ಹಾಕುವ ಮನುಷ್ಯನಿಗೆ ಪ್ರದಕ್ಷಿಣೆ ಯಾವುದು, ಅಪ್ರದಕ್ಷಿಣೆ ಯಾವುದು ತಿಳಿಯಲಿಲ್ಲ.

ನಾನು ಟಾರ್ಚ್ ಆರಿಸಿ, ಒಂದು ಲೋಟ ಕಾಫಿ ಬಗ್ಗಿಸಿಕೊಂಡು ಅಲ್ಲೇ ಕೂತು ಕುಡಿದೆ. ಅಷ್ಟು ರುಚಿಯಾದ ಕಾಫಿಯನ್ನು ಅಮೆರಿಕಾಕ್ಕೆ ಬಂದಮೇಲೆ ಕುಡಿದಿರಲಿಲ್ಲ. ಹೆಂಡತಿಯ ಕಿವಿಗೆ ಹಾಕಿದ್ದರೆ ಅರ್ಧ ಗಂಟೆಯಲ್ಲಿ ಅವನಿಗೆ ಮುಟ್ಟುತ್ತಿತ್ತು, ಎಂಜಿನ್ ಇನ್ನೂ ಸ್ಟ್ಯಾಂಡಿನ ಮೇಲಿದ್ದಾಗ ಸೀಲ್ ಬದಲಿಸುವುದು ಒಂದು ಗಂಟೆಯ ಕೆಲಸ. ಹೇಳಲಿಲ್ಲ. ಮುಂದಿನ ಶನಿವಾರ ಬರುವಷ್ಟರಲ್ಲಿ ಅವನು ಅದರ ಮೇಲೆ ಭಾರದ ಫ್ಲೈವೀಲ್ ಕೂರಿಸಿ ಮುಚ್ಚಿಬಿಟ್ಟಿದ್ದ. ರಾತ್ರಿ ನಿದ್ದೆ ಬಂತೇ ಎಂದರೆ, ಚೆನ್ನಾಗಿಯೇ ಬಂತು.

ಆಗಸ್ಟಿನ ಒಂದು ಭಾನುವಾರ ಬೆಳಿಗ್ಗೆ ಬೋಟು ನೀರಿಗಿಳಿಯಿತು. ಇಬ್ಬರು ಹೆಂಗಸರೂ ಸೇರಿ ಅದರ ಮೂತಿಗೆ ಕುಂಕುಮವಿಟ್ಟು ಕಾಯಿ ಒಡೆದರು. ಗಂಡಂದಿರು ಒಂದೇ ಹಲಗೆಯ ಮೇಲೆ ನಿಂತಿದ್ದಾರೆಂಬ ಸಂತೋಷ ಅವರಿಗೆ. ಕಟ್ಟೆಯ ಪಕ್ಕದಲ್ಲೇ ಐದು ನಿಮಿಷ ಓಡಿಸಿ ನೋಡಿದಾಗ ಎರಡು ಎಂಜಿನ್‌ಗಳೂ ಗುರುಗುಟ್ಟಿಕೊಂಡು ಚೆನ್ನಾಗಿಯೇ ಓಡಿದವು. ಹಿರಿಯನೆಂದು ಸ್ಟೀರಿಂಗ್ ಅವನ ಕೈಗೆ ಹೋಯಿತು. ನಾನು ಪಕ್ಕದಲ್ಲಿ ನಿಂತು, ಎಲ್ಲರೂ ನೀರು ನೋಡುತ್ತಿದ್ದಾಗ, ಬಲಗಡೆಯ ಎಂಜಿನ್ನಿನ ಆಯಿಲ್ ಪ್ರೆಷರ್ ಮುಳ್ಳನ್ನೇ ನೋಡುತ್ತಿದ್ದೆ.

ವೇಗ ಹೆಚ್ಚಿಸಿದ ಸ್ವಲ್ಪ ಹೊತ್ತಿಗೆ ಮುಳ್ಳು ಇಳಿಯತೊಡಗಿತು. ಅವನ ಹೆಂಡತಿ ಚಿತ್ರಾನ್ನ ಬಡಿಸುತ್ತಿದ್ದರಿಂದ ಅವನ ಗಮನ ತಟ್ಟೆಯ ಕಡೆಗಿತ್ತು. ಆಗಲೂ ಹೇಳಬಹುದಿತ್ತು. ಕೆಳಗಿನಿಂದ ಲಟಲಟ ಸದ್ದು ಎದ್ದಾಗ ಅವನು ಗಾಬರಿಯಾಗಿ ಎಂಜಿನ್ ನಿಲ್ಲಿಸಿದ, ಆದರೆ ಅಷ್ಟರಲ್ಲಿ ಕೆಲಸ ಕೆಟ್ಟಿತ್ತು.

“ಬಿಡಿ ಭಾವ, ನಾನು ತಗೊಂಡ್ಹೋಗ್ತೀನಿ,” ಎಂದು ಸ್ಟೀರಿಂಗ್ ಹಿಡಿದೆ. ಒಂದೇ ಎಂಜಿನ್ನಿನಲ್ಲಿ ಬೋಟು ಬಲಕ್ಕೆ ಎಳೆಯುತ್ತದೆ, ಚಕ್ರವನ್ನು ಎಡಕ್ಕೆ ಹಿಡಿದುಕೊಂಡೇ ಇರಬೇಕು. ಕೈ ನೋಯುತ್ತಿತ್ತು. ಮುಕ್ಕಾಲು ಗಂಟೆ ನನ್ನ ಎಡಗಡೆಯ ಎಂಜಿನ್ ಅವನನ್ನೂ, ಅವನ ಸತ್ತ ಎಂಜಿನ್ನನ್ನೂ ಹೊತ್ತುಕೊಂಡು ಬಂತು. ನನ್ನ ಜೀವನದಲ್ಲಿ ಅಂಥ ಇನ್ನೊಂದು ಮುಕ್ಕಾಲು ಗಂಟೆ ಇಲ್ಲ.

ಕಟ್ಟೆಗೆ ಕಟ್ಟಿದ ಮೇಲೆ ಅವನು ನೆಲದ ಮುಚ್ಚಳ ಎತ್ತಿ ಕೆಳಗಿಳಿದ. ತಳದ ತುಂಬ ಎಣ್ಣೆ. ಫ್ಲೈವೀಲಿನ ಹಿಂದಿನಿಂದ ಎಣ್ಣೆ ಸೋರಿದ್ದನ್ನು ಟಾರ್ಚ್ ಬಿಟ್ಟು ಬಹಳ ಹೊತ್ತು ನೋಡಿದ. ಮೇಲೆ ಬಂದಾಗ ಮೊಣಕೈವರೆಗೂ ಕಪ್ಪಾಗಿತ್ತು. ನನ್ನನ್ನೇ ನೋಡಿದ.

“ಪಕ್ಕದ ಸ್ಟ್ಯಾಂಡ್‌ನಲ್ಲೇ ಇತ್ತಲ್ಲ, ಸೀಲ್ ಉಲ್ಟಾ ಇರೋದನ್ನ ನೀವು ನೋಡಿದ್ರಿ, ಅಲ್ವಾ?”

“ನೋಡಿದ್ದೆ. ಜೂನ್‌ನಲ್ಲೇ ನೋಡಿದ್ದೆ,” ಅಂದೆ. ಮೂರು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತು ತಾನಾಗಿ ಹೊರಬಿತ್ತು. “ಗೊತ್ತಿದ್ದವರು ಗೊತ್ತಿದ್ದೂ ಹೇಳ್ಲಿಲ್ಲ ಅಂದ್ರೆ ಹೆಂಗಿರುತ್ತೆ ಅಂತ ಈಗ ಅರ್ಥ ಆಯ್ತಾ ಭಾವ?”

ಅವನು ಬಟ್ಟೆ ಎತ್ತಿಕೊಂಡು ಕೈ ಒರೆಸಿಕೊಳ್ಳತೊಡಗಿದ. ಮಾತಾಡಿದ್ದು ನನ್ನ ಹೆಂಡತಿ.

“ರೀ, ಅವರು ಹೇಳಿದ್ರು,” ಎಂದಳು.

“ಏನು ಹೇಳಿದ್ರು?”

“ಲಿಸ್ಟ್ ವಿಷಯ. ಬ್ಯಾಂಕ್ ರೂಲ್ ಪ್ರಕಾರ ನಿಮಗೆ ನೇರವಾಗಿ ಹೇಳೋ ಹಾಗಿರ್ಲಿಲ್ಲ, ಅದಕ್ಕೇ ಗೊತ್ತಾದ ದಿನಾನೇ ಅಕ್ಕನ ಹತ್ರ ಹೇಳಿದ್ರು, ನಿಮಗೆ ತಿಳಿಸು ಅಂತ ಅಕ್ಕ ನಂಗೆ ಫೋನ್ ಮಾಡಿದ್ಲು. ನಾನೇ ನಿಮಗೆ ಹೇಳ್ಲಿಲ್ಲ. ನೀವು ಬೋಟ್‌ನಿಂದ ಹಾಡ್ಕೊಂಡು ಬರ್ತಿದ್ರಿ. ನಾಳೆ ಹೇಳೋಣ, ನಾಳೆ ಹೇಳೋಣ ಅಂತ ಹಾಗೇ ಹೋಗ್ಬಿಡ್ತು.”

ನನಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಅವನ ಮೇಲೆ ಇನ್ನೂ ಹೆಚ್ಚು ಸಿಟ್ಟು. ತಪ್ಪು ಅವನದಲ್ಲವೆಂದಾದರೆ ನನ್ನ ಮೂರು ವರ್ಷದ ದ್ವೇಷಕ್ಕೆ ನಾನು ಯಾರನ್ನು ಹುಡುಕಲಿ? “ಮತ್ತೆ ಮೂರು ವರ್ಷ ಯಾಕೆ ಸುಮ್ನಿದ್ರಿ ಭಾವ?” ಎಂದು ಕೂಗಿದೆ. “ಅವತ್ತು ಫೋನಲ್ಲೇ ಹೇಳ್ಬಹುದಿತ್ತಲ್ಲ, ನಾನು ಹೇಳಿ ಕಳಿಸಿದ್ದೆ ಅಂತ?”

“ಹೇಳಿದ್ರೆ ಏನಾಗ್ತಿತ್ತು?” ಅವನು ತಲೆಯೆತ್ತದೆ ಬೆರಳ ಸಂದಿ ಒರೆಸುತ್ತಲೇ ಅಂದ. “ನನ್ನ ಮೇಲೆ ಕೂಗಾಡಿದ್ದನ್ನ ಮನೇಲಿ ಅವಳ ಮೇಲೆ ಕೂಗಾಡ್ತಿದ್ರಿ. ನಾನಾದ್ರೆ ಫೋನ್ ಇಡಬಹುದಿತ್ತು.”

ಅದೆಲ್ಲ ಸುಳ್ಳು ಎಂದು ಹೇಳಿಸಲು ನಾನು ಹೆಂಡತಿಯ ಕಡೆ ತಿರುಗಿದೆ. ಅವಳು ಆಗಲೇ ಅಕ್ಕನ ಹಿಂದೆ ಸರಿದು ನಿಂತಿದ್ದಳು.