ಟೋಪಿಯ ಕತೆಯನ್ನು ಅರ್ಧಕ್ಕೇ ನಿಲ್ಲಿಸಿದ್ದು

ನನ್ನ ಮೊಮ್ಮಗಳು ಈ ವರ್ಷ ಕಾಲೇಜಿನ ಫುಟ್‌ಬಾಲ್ ಮೊದಲ ತಂಡಕ್ಕೆ ಗೋಲ್ ಕೀಪರ್ ಆಗಬೇಕಿತ್ತು. ಆಗಲಿಲ್ಲ. ಆಗದ ಹಾಗೆ ಮಾಡಿದವನು ನಾನು. ಮನೆಯಲ್ಲಿ ಇದನ್ನು ಯಾರೂ ಎತ್ತಿ ಆಡುವುದಿಲ್ಲ. ಮಗಳು ಒಂದೇ ಒಂದು ಸಲ ಆಡಿದಳು, ಅದನ್ನು ಮುಂದೆ ಬರೆಯುತ್ತೇನೆ. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದವನು ನಾನು, ಬರೆದು ಅಭ್ಯಾಸವಿಲ್ಲ. ಆದರೆ ಬಾಯಲ್ಲಿ ಹೇಳಲು ಹೊರಟರೆ ಮತ್ತೆ ಬಣ್ಣ ಕಟ್ಟಿ ಜನರನ್ನು ನಗಿಸಿಬಿಡುತ್ತೇನೋ ಎಂದು ಹೆದರಿಕೆ. ಅದಕ್ಕೇ ಕಾಗದ ಹಿಡಿದಿದ್ದೇನೆ.

ನಾವಿರುವುದು ಪರದೇಶದಲ್ಲಿ, ವೆಲ್ಲಿಂಗ್ಟನ್ ಪಕ್ಕದ ಲೋವರ್ ಹಟ್ ಎಂಬ ಊರಿನಲ್ಲಿ. ಮಗಳು ಆಸ್ಪತ್ರೆಯಲ್ಲಿ ನರ್ಸು. ಅಳಿಯ ರೈಲು ಹಿಡಿದು ವೆಲ್ಲಿಂಗ್ಟನ್‌ಗೆ ಕೆಲಸಕ್ಕೆ ಹೋಗುತ್ತಾನೆ. ಸಂಜೆ ಅವರು ಬರುವವರೆಗೆ ಮನೆಯಲ್ಲಿ ನಾನು ಮತ್ತು ಮೊಮ್ಮಗಳು. ಅವಳಿಗೆ ಹದಿನೈದು. ಇಲ್ಲಿ ಕಾಲೇಜು ಎಂದರೆ ನಮ್ಮ ಕಡೆಯ ಹೈಸ್ಕೂಲೇ. ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನ್ನ ಇಂಗ್ಲಿಷು ಅಂಗಡಿಗೆ ಸಾಕಾಗುವಷ್ಟು. ಹಾಗಾಗಿ ನಮ್ಮಿಬ್ಬರ ನಡುವೆ ಮಾತಿಗಿಂತ ಚೆಂಡು ಹೆಚ್ಚು ಓಡಾಡಿತು.

ವಯಸ್ಸಿನಲ್ಲಿ ನಾನು ಬೆಂಗಳೂರಿನ ಒಂದು ಕಾರ್ಖಾನೆಯ ತಂಡಕ್ಕೆ ಗೋಲು ಕಾಯುತ್ತಿದ್ದೆ. ಆಟದಿಂದ ಅಲ್ಲೇ ಕೆಲಸ ಸಿಕ್ಕಿತು, ಆ ಸಂಬಳದಲ್ಲಿ ಮಗಳು ನರ್ಸಿಂಗ್ ಓದಿದಳು. ಇಲ್ಲಿಗೆ ಬಂದ ಮೇಲೆ ನಮ್ಮ ಗ್ಯಾರೇಜಿನ ಬಾಗಿಲೇ ಗೋಲಾಯಿತು. ನಾನು ಸ್ಟೂಲಿನ ಮೇಲೆ ಕೂತು ಎಸೆಯುತ್ತಿದ್ದೆ, ಒಮ್ಮೊಮ್ಮೆ ಎದ್ದು ಒದೆಯುತ್ತಿದ್ದೆ. ಅವಳು ಹಿಡಿಯುತ್ತಿದ್ದಳು.

"ಮುಖ ನೋಡಬೇಡ ಪುಟ್ಟಿ," ಎನ್ನುತ್ತಿದ್ದೆ. "ಮುಖ ಸುಳ್ಳು ಹೇಳುತ್ತೆ. ಒದೆಯೋರ ಸೊಂಟ ನೋಡು. ಸೊಂಟ ಎತ್ತ ತಿರುಗುತ್ತೋ ಚೆಂಡು ಅತ್ತಲೇ."

ಅವಳು ತಪ್ಪಿದಾಗಲೆಲ್ಲ ತಗಡಿನ ಬಾಗಿಲು ಬೀದಿಗೆಲ್ಲ ಕೇಳುವಂತೆ ಢಣ್ ಎನ್ನುತ್ತಿತ್ತು. ಎದುರುಮನೆಯ ಮುದುಕಿ ಕಿಟಕಿ ಮುಚ್ಚಿಕೊಳ್ಳುತ್ತಿದ್ದಳು. ಬರಬರುತ್ತಾ ಆ ಸದ್ದು ಅಪರೂಪವಾಯಿತು.

ಇನ್ನು ಟೋಪಿಯ ಕತೆ. ಹೋದ ವರ್ಷ ಚಿಕ್ಕವರ ತಂಡದ ಕೊನೆಯ ಮ್ಯಾಚು, ಗೆದ್ದವರಿಗೆ ಕಪ್ಪು. ಮಗಳು ಕಾರು ಓಡಿಸುತ್ತಿದ್ದಳು, ಹಿಂದಿನ ಸೀಟಿನಲ್ಲಿ ನಾವಿಬ್ಬರು. ಮೈದಾನ ಕಾಣುವ ತಿರುವಿಗೆ ಬಂದಾಗ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಕಾರು ನಿಲ್ಲಿಸಲು ಜಾಗವಿರಲಿಲ್ಲ. ನಾನು ತಲೆ ಮೇಲಿದ್ದ ಉಣ್ಣೆ ಟೋಪಿಯನ್ನು ಕಿತ್ತು ಒಡ್ಡಿದೆ. ಬೆಳಗಿನ ಉಪ್ಪಿಟ್ಟು ಅಷ್ಟೂ ಅದರೊಳಕ್ಕೆ ಬಂತು.

"ತಾತ, ಡೋಂಟ್ ಟೆಲ್ ಎನಿವನ್," ಎಂದಳು ಬಾಯಿ ಒರೆಸಿಕೊಳ್ಳುತ್ತಾ. "ಪ್ಲೀಸ್."

"ನಾನು ಯಾರಿಗೆ ಹೇಳ್ಲಿ? ಇಲ್ಲಿ ನನ್ನ ಮಾತು ಕೇಳೋರು ಯಾರಿದಾರೆ?" ಎಂದೆ.

ಅವಳು ಇಳಿದು ಹೋಗಿ ಗೋಲಿನಲ್ಲಿ ನಿಂತಳು. ಆ ದಿನ ಒಂದು ಚೆಂಡನ್ನೂ ಒಳಗೆ ಬಿಡಲಿಲ್ಲ. ಆಟ ಮುಗಿಯುವ ಹೊತ್ತಿಗೆ ಎದುರಾಳಿಗಳಿಗೆ ಪೆನಾಲ್ಟಿ ಸಿಕ್ಕಿತು. ಒದೆಯಲು ಬಂದವಳು ಬಲಗಡೆ ನೋಡುತ್ತಿದ್ದಳು, ಸೊಂಟ ಎಡಕ್ಕಿತ್ತು. ನಮ್ಮವಳು ಎಡಕ್ಕೆ ಹಾರಿ ಬಿದ್ದಳು, ಚೆಂಡು ಅವಳ ಎದೆಯ ಕೆಳಗಿತ್ತು. ಬೋಳುತಲೆಗೆ ದಕ್ಷಿಣದ ಚಳಿಗಾಳಿ ಹೊಡೆಯುತ್ತಿದ್ದರೂ ನಾನು ಗೋಲಿನ ಹಿಂದೆ ನಿಂತು ಇದನ್ನು ಕಣ್ಣಾರೆ ಕಂಡೆ. ಇಷ್ಟೂ ಸೇರಿ ಒಂದು ಕತೆ. ವಾಂತಿ ಅದರ ಅರ್ಧ ಮಾತ್ರ.

ಈ ವರ್ಷ ಬೇಸಿಗೆ ರಜೆ ಮುಗಿದು ಕಾಲೇಜು ತೆರೆದ ಮೇಲೆ ಅವಳನ್ನೂ ಇನ್ನು ಕೆಲವರನ್ನೂ ದೊಡ್ಡವರ ಮೊದಲ ತಂಡದ ಆಯ್ಕೆಗೆ ಕರೆದರು. ಆಟ ಶುರುವಾಗುವ ಮೊದಲೇ ಹೊಸಬರನ್ನು ಓಡಿಸಿ, ಒದೆಸಿ, ಸೋಸಿ ನೋಡುತ್ತಾರೆ. ಗೋಲಿಗೆ ಇಬ್ಬರು ಹೊಸಬರಿದ್ದರು. ಒಬ್ಬಳು ನಮ್ಮವಳು. ಇನ್ನೊಬ್ಬಳು ಬೇರೆ ಕಾಲೇಜಿನಿಂದ ಆಟಕ್ಕೆಂದೇ ಕರೆತಂದ ಎತ್ತರದ ಹುಡುಗಿ. ಜಾಗ ಇದ್ದದ್ದು ಒಂದು.

ಆಯ್ಕೆಯ ಕೊನೆಯ ದಿನ ಮೈದಾನದ ಅಂಚಿನಲ್ಲಿ ಸಾಸೇಜು ಸುಡುತ್ತಿದ್ದರು. ಮಾಂಸ ತಿನ್ನದ ನಮ್ಮಂಥವರಿಗೆ ಬ್ರೆಡ್ಡಿನಲ್ಲಿ ಹುರಿದ ಈರುಳ್ಳಿ, ಮೇಲೆ ಟೊಮೆಟೊ ಸಾಸು. ಕೋಚ್ ಒಬ್ಬ ಯುವತಿ, ಅದೇ ಕಾಲೇಜಿನಲ್ಲಿ ವ್ಯಾಯಾಮದ ಟೀಚರು. ಈ ವರ್ಷದ ಹೊಸ ಆಟಗಾರ್ತಿಯರು ಹೇಗಿದ್ದಾರೆ, ಯಾರಿಂದ ಏನು ನಿರೀಕ್ಷಿಸಬಹುದು ಎಂದು ಕಾಲೇಜಿನ ವಾರಪತ್ರಕ್ಕೆ ಅವಳೇ ಬರೆಯಬೇಕಿತ್ತು. ಅದಕ್ಕೆ ಮನೆಯವರನ್ನೆಲ್ಲ ಮಾತನಾಡಿಸುತ್ತಿದ್ದಳು.

ಎತ್ತರದ ಹುಡುಗಿಯ ಅಪ್ಪ ತನ್ನ ಯೂಟ್‌ಗೆ, ಅಂದರೆ ಹಿಂಬದಿ ತೆರೆದ ಗಾಡಿಗೆ, ಒರಗಿ ನಿಂತಿದ್ದ. "ಈ ವರ್ಷ ನೀವು ನೋಡೋ ಕೀಪರ್‌ಗಳಲ್ಲಿ ಇವಳೇ ಬೆಸ್ಟ್. ಹೆದರಿಕೆ ಅನ್ನೋದೇ ಗೊತ್ತಿಲ್ಲ ಇವಳಿಗೆ," ಎಂದ. ಅವನ ಮಗಳು ಪಕ್ಕದಲ್ಲೇ ಇದ್ದಳು. ಹೌದೆನ್ನುವಂತೆ ತಲೆಯಾಡಿಸಿದಳು!

ನನಗೆ ಮೈಯೆಲ್ಲ ಮುಜುಗರ. ಹೆತ್ತ ಮಗಳನ್ನು ಹತ್ತು ಜನರೆದುರು ಹೀಗೆ ಹೊಗಳುವುದೇ? ದೃಷ್ಟಿಯಾದೀತೆಂಬ ಭಯ ಬೇಡ, ನಾಚಿಕೆಯಾದರೂ ಬೇಡವೇ?

ಅಷ್ಟರಲ್ಲಿ ಕೋಚ್ ನನ್ನ ಕಡೆ ತಿರುಗಿದಳು. "ನೀವೂ ಕೀಪರ್ ಆಗಿದ್ದೋರಂತೆ. ನಿಮ್ಮ ಹುಡುಗಿ ಬಗ್ಗೆ ಹೇಳಿ. ಆಟದಲ್ಲಿ ಇಬ್ಬರೂ ಸಮ, ಅದನ್ನ ನಾನೇ ನೋಡಿದೀನಿ. ದೊಡ್ಡ ಮ್ಯಾಚಲ್ಲಿ ಹೇಗಿರ್ತಾಳೆ?"

ನಾನು ಬೆಳೆದ ರೀತಿ ಬೇರೆ. ಕಾರ್ಖಾನೆಯ ಸಾಹೇಬರು ನನ್ನನ್ನು ಆರಿಸಿಕೊಂಡ ದಿನ "ಚೆನ್ನಾಗಿ ಆಡ್ತೀಯೇನಯ್ಯ?" ಎಂದು ಕೇಳಿದ್ದರು. "ಏನೋ ಸುಮಾರಾಗಿ, ಸಾರ್," ಎಂದಿದ್ದೆ. ಅವರು ನಕ್ಕು, ಚೆನ್ನಾಗಿಯೇ ಆಡುತ್ತಾನೆ ಎಂದು ಬರೆದುಕೊಂಡರು. ನಮ್ಮಲ್ಲಿ ಹೇಳುವವನು ತಗ್ಗಿಸಿ ಹೇಳುತ್ತಾನೆ, ಕೇಳುವವನು ಏರಿಸಿಕೊಳ್ಳುತ್ತಾನೆ. ಲೆಕ್ಕ ಸರಿಹೋಗುತ್ತದೆ. ನಮ್ಮ ಮಕ್ಕಳನ್ನು ನಾವು ದಡ್ಡರು ಎನ್ನಬೇಕು, ಎದುರಿನವರು "ಅಯ್ಯೋ ಬಿಡಿ, ಎಂಥಾ ಚುರುಕು" ಎನ್ನಬೇಕು.

ಇಷ್ಟನ್ನೇ ಹೇಳಿ, ಪಾಪ ಹಳೇ ಕಾಲದ ವಿನಯ ಎನ್ನಿಸಿಕೊಳ್ಳಬಹುದು. ಅದು ಪೂರ್ತಿ ನಿಜವಲ್ಲ. ಈ ದೇಶದಲ್ಲಿ ಇಷ್ಟು ವರ್ಷಗಳಿಂದ ನಾನು ಮೂಲೆಯ ಕುರ್ಚಿಯಲ್ಲಿ ಟೀ ಕಪ್ಪು ಹಿಡಿದು ಕೂತ ಅಂಕಲ್. ಹವಾಮಾನ ಬಿಟ್ಟು ಯಾರೂ ನನ್ನನ್ನು ಏನೂ ಕೇಳಿದವರಲ್ಲ. ಅಂದು ಒಂದು ಗುಂಪೇ ಬ್ರೆಡ್ಡು ಕಚ್ಚುವುದು ಬಿಟ್ಟು ನನ್ನ ಬಾಯಿ ನೋಡುತ್ತಿತ್ತು.

"ದೊಡ್ಡ ಮ್ಯಾಚಾ?" ಎಂದೆ ನನ್ನ ಮುರುಕು ಇಂಗ್ಲಿಷಿನಲ್ಲಿ. "ಈ ಟೋಪಿ ನೋಡಿದಿರಾ?"

ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದೆ. ಕಾರು ತಿರುಗಿದ್ದು, ಅವಳ ಕೆನ್ನೆ ಉಬ್ಬಿದ್ದು, ಕಣ್ಣು ಹೊರಳಿದ್ದು, ಎಲ್ಲವನ್ನೂ ಅಭಿನಯಿಸಿದೆ. ವಾಂತಿಯ ಸದ್ದನ್ನೂ ಮಾಡಿದೆ. ಯೂಟ್‌ನವನ ಕಡೆಗೆ ಟೋಪಿ ಚಾಚಿದೆ. ಅವನು ಹಿಂದಕ್ಕೆ ಜಿಗಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾರೋ, "ಅಂಕಲ್, ಆಮೇಲೆ ಅದನ್ನ ತೊಳೆದ್ರಾ, ಇಲ್ಲಾ ಹಾಗೇ ಹಾಕ್ಕೊಂಡ್ರಾ?" ಎಂದರು. "ಒಳಗೆ ಇನ್ನೂ ಬೆಚ್ಚಗಿತ್ತು," ಎಂದೆ. ಮತ್ತೆ ನಗು.

ಮೊಮ್ಮಗಳು ಮೇಜಿನ ಆಚೆ ಈರುಳ್ಳಿ ಬ್ರೆಡ್ಡು ಹಿಡಿದು ನಿಂತಿದ್ದಳು. ಎಲ್ಲರೂ ನಗುವಾಗ ಅವಳೂ ನಕ್ಕಳು. ಹಲ್ಲು ಕಂಡವು, ಕಣ್ಣು ನಗಲಿಲ್ಲ. ನಾನು ಅದನ್ನು ನೋಡಿದೆ. ನೋಡಿಯೂ ನಿಲ್ಲಿಸಲಿಲ್ಲ. ಇದನ್ನು ಬರೆಯಬೇಕೆಂದೇ ಇಷ್ಟೆಲ್ಲ ಬರೆದದ್ದು.

"ಇವಳದು ಸುಮ್ಮನೆ ಟೈಂಪಾಸು," ಎಂದೆ. "ದೊಡ್ಡ ಮ್ಯಾಚು ಅಂದರೆ ಹೊಟ್ಟೆ ಕಲಕುತ್ತೆ. ಅವರ ಮಗಳು ಹುಲಿ. ನಮ್ಮದು ಬೆಕ್ಕಿನ ಮರಿ."

ಅಲ್ಲಿಗೆ ನಿಲ್ಲಿಸಿ ಕಾದೆ. "ಛೆ, ಹಾಗನ್ನಬೇಡಿ, ಎಷ್ಟು ಚೆನ್ನಾಗಿ ಆಡ್ತಾಳೆ" ಎಂದು ಯಾರಾದರೂ ಅಂದರೆ, "ಹಾಗೇನಿಲ್ಲ ಬಿಡಿ, ಅವತ್ತೊಂದು ಪೆನಾಲ್ಟಿ ಹಿಡಿದಳು ಅಷ್ಟೇ" ಎಂದು ಉಳಿದರ್ಧವನ್ನು ಬಿಚ್ಚುವುದು ನನ್ನ ಲೆಕ್ಕಾಚಾರ. ಯಾರೂ ಅನ್ನಲಿಲ್ಲ. ಸಾಸೇಜು ಸೀಯುತ್ತಿದೆಯೆಂದು ಒಬ್ಬ ಕೂಗಿದ, ಎಲ್ಲರೂ ಅತ್ತ ಹೋದರು. ಕೋಚ್ ಮಾತ್ರ ಹೋಗುವ ಮೊದಲು ನನ್ನ ತೋಳು ಮುಟ್ಟಿ, "ಮುಚ್ಚಿಡದೆ ಹೇಳಿದ್ರಿ, ಥ್ಯಾಂಕ್ಸ್," ಎಂದಳು.

ಕರೆದೊಯ್ಯಲು ಬಂದ ಅಳಿಯನ ಕಾರಿನಲ್ಲಿ ಹುಡುಗಿ ಕಿವಿಗೆ ಹಾಡು ಹಾಕಿಕೊಂಡು ಕಿಟಕಿ ನೋಡುತ್ತಿದ್ದಳು. ನನಗೆ ಇನ್ನೂ ಆ ನಗುವಿನ ಅಮಲು.

ಮುಂದಿನ ವಾರ ವಾರಪತ್ರ ಬಂತು. ಎತ್ತರದ ಹುಡುಗಿ ಮೊದಲ ತಂಡಕ್ಕೆ. ನಮ್ಮವಳ ಬಗ್ಗೆ ಎರಡು ಸಾಲು: ಒಳ್ಳೆಯ ಕೈಗಳಿವೆ, ದೊಡ್ಡ ಆಟದ ಒತ್ತಡ ಅಭ್ಯಾಸವಾಗಲು ಒಂದು ವರ್ಷ ಎರಡನೇ ತಂಡದಲ್ಲಿ ಆಡುವುದು ಅವಳಿಗೆ ಒಳ್ಳೆಯದು. ಮಗಳು ಅದನ್ನು ಫೋನಿನಲ್ಲಿ ಓದಿ ಅಡುಗೆಮನೆಗೆ ಬಂದಳು. ಅಂದು ಏನಾಯಿತೆಂದು ಅವಳಿಗೆ ಅಷ್ಟರಲ್ಲಿ ತಿಳಿದಿತ್ತು.

"ನನಗೂ ಹೀಗೇ ಮಾಡಿದ್ರಿ ಅಪ್ಪ," ಎಂದಳು. ದನಿ ಏರಿಸಲಿಲ್ಲ. "ನರ್ಸಿಂಗ್‌ನಲ್ಲಿ ಕ್ಲಾಸಿಗೇ ಫಸ್ಟ್ ಬಂದೆ. ಸ್ವೀಟ್ ತಿನ್ನೋಕೆ ಬಂದೋರಿಗೆಲ್ಲ, 'ಏನೋ ಅದೃಷ್ಟ, ತಲೆ ಅಷ್ಟಕ್ಕಷ್ಟೆ' ಅಂದ್ರಿ. ಇವತ್ತಿಗೂ ವಾರ್ಡಲ್ಲಿ ಯಾರಾದ್ರೂ ವೆಲ್ ಡನ್ ಅಂದ್ರೆ ಹಿಂದೆ ತಿರುಗಿ ನೋಡ್ತೀನಿ. ಬೇರೆ ಯಾರಿಗೋ ಹೇಳಿದ್ರೇನೋ ಅಂತ."

"ದೃಷ್ಟಿ ತಾಗಬಾರದು ಅಂತ ಹಾಗಂದೆ ಕಣಮ್ಮ."

"ತಾಗಿದ್ದು ನಿಮ್ಮ ಮಾತೇ," ಎಂದು ಡ್ಯೂಟಿಗೆ ಹೊರಟಳು.

ಮರುದಿನ ನಾನು ಬಸ್ಸು ಹಿಡಿದು ಮೈದಾನಕ್ಕೆ ಹೋದೆ. ಕೋಚ್ ಚೆಂಡುಗಳನ್ನು ಬಲೆಯ ಚೀಲಕ್ಕೆ ತುಂಬುತ್ತಿದ್ದಳು. ಟೋಪಿಯ ಕತೆಯ ಉಳಿದರ್ಧವನ್ನು ಹೇಳಿದೆ. ಪೆನಾಲ್ಟಿ, ಎಡಕ್ಕೆ ಹಾರಿದ್ದು, ಒಂದೂ ಬಿಡದ್ದು. ಬರುವಾಗ ದಾರಿಯುದ್ದಕ್ಕೂ ಇಂಗ್ಲಿಷು ಜೋಡಿಸಿಕೊಂಡಿದ್ದೆ, ಆದರೂ ಬಾಯಿ ತಡವರಿಸಿತು. ಅವಳು ಕೆಲಸ ನಿಲ್ಲಿಸಿ ಪೂರ್ತಿ ಕೇಳಿದಳು.

"ಅವಳು ನಿಮಗೆ ತುಂಬಾ ಇಷ್ಟ ಅಲ್ವಾ?" ಎಂದಳು ಕೊನೆಗೆ. ಮೊಮ್ಮಗಳ ಪರ ವಕಾಲತ್ತು ವಹಿಸಲು ಬಂದ ಮುದುಕನನ್ನು ನೋಡುವ ನೋಟ ಅದು.

"ಅವತ್ತು ಹೇಳಿದ್ದು ಸರಿಯಿಲ್ಲ," ಎಂದೆ. "ನಮ್ಮಲ್ಲಿ ನಮ್ಮವರನ್ನ ನಾವು ಹೊಗಳಲ್ಲ. ಕಡಿಮೆ ಮಾಡಿ ಹೇಳ್ತೀವಿ."

ಅವಳು ಚೀಲದ ದಾರ ಎಳೆದು ಬಿಗಿದಳು. "ಹಾಗಾದ್ರೆ ನೀವು ಯಾವಾಗ ನಿಜ ಹೇಳ್ತಿದೀರಿ ಅಂತ ನನಗೆ ಹೇಗೆ ಗೊತ್ತಾಗಬೇಕು?"

ಕುಹಕದಿಂದ ಕೇಳಿದ ಪ್ರಶ್ನೆಯಲ್ಲ. ಅವಳಿಗೆ ನಿಜವಾಗಿಯೂ ಗೊತ್ತಾಗಬೇಕಿತ್ತು. ನಾನು ಚೀಲದ ಇನ್ನೊಂದು ತುದಿ ಎತ್ತಿಕೊಟ್ಟೆ. "ಅವಕಾಶ ಬಂದರೆ ಖಂಡಿತ ಕರೀತೀನಿ," ಎಂದಳು. ಇಲ್ಲಿನವರು ಸುಮ್ಮನೆ ಸಮಾಧಾನಕ್ಕೆ ಹೀಗನ್ನುತ್ತಾರೆ ಎಂದುಕೊಂಡು ವಾಪಸು ಬಂದೆ. ಅಲ್ಲೂ ನನ್ನದೇ ತಪ್ಪು. ಅವಳು ಮನಸ್ಸಿನಲ್ಲಿದ್ದುದನ್ನೇ ಹೇಳಿದ್ದಳು.

ಚಳಿಗಾಲದ ನಡುವೆ ಎತ್ತರದ ಹುಡುಗಿ ಬೆರಳು ಮುರಿದುಕೊಂಡಳು. ಆ ಶನಿವಾರ ಮೊದಲ ತಂಡಕ್ಕೆ ವರ್ಷದಲ್ಲೇ ದೊಡ್ಡ ಮ್ಯಾಚು. ಕೋಚ್ ಕೊಟ್ಟ ಮಾತಿನಂತೆ ಎರಡನೇ ತಂಡದ ಅಭ್ಯಾಸಕ್ಕೇ ಬಂದು ನಮ್ಮವಳನ್ನು ಕರೆದಳಂತೆ. ಸುದ್ದಿ ನನಗೆ ಮಗಳ ಫೋನಿನಿಂದ ತಿಳಿಯಿತು. ಹುಡುಗಿ ಮನೆಗೆ ಬರುವ ಹೊತ್ತಿಗೆ ಅವಳಿಗಿಷ್ಟವೆಂದು ಅಕ್ಕಿರೊಟ್ಟಿ ತಟ್ಟುತ್ತಿದ್ದೆ. ಬೂಟು ಬಾಗಿಲಲ್ಲಿ ಬಿಟ್ಟು ಒಳಗೆ ಬಂದಳು.

"ಕೋಚ್ ಕರೆದ್ರಂತೆ?"

"ಯಾ."

"ಏನಂದೆ?"

"ಐ ಸೆಡ್ ನೋ."

ರೊಟ್ಟಿ ಹಂಚಿನ ಮೇಲೇ ಉಳಿಯಿತು. "ಯಾಕೆ ಪುಟ್ಟಿ?"

ಅವಳು ಫ್ರಿಜ್ಜಿನಿಂದ ಹಾಲು ತೆಗೆದು ಲೋಟಕ್ಕೆ ಬಗ್ಗಿಸಿಕೊಂಡಳು. ಆಮೇಲೆ ಕನ್ನಡದಲ್ಲಿ ಹೇಳಿದಳು. ಅದಕ್ಕೆ ಮೊದಲು ಮನೆಯಲ್ಲಿ ಅವಳು ಪೂರ್ತಿ ಕನ್ನಡದಲ್ಲಿ ನನಗೆ ಉತ್ತರ ಕೊಟ್ಟದ್ದು ನೆನಪಿಲ್ಲ.

"ದೊಡ್ಡ ಮ್ಯಾಚ್ ತಾತ. ನಂಗೆ ಹೊಟ್ಟೆ ಕಲಕುತ್ತೆ."

"ಯಾರಂದೋರು? ಅವತ್ತು ಪೆನಾಲ್ಟಿ ಹಿಡಿಲಿಲ್ವಾ ನೀನು?"

"ಅದು ಲಕ್," ಎಂದಳು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಗೊತ್ತಿರುವ ವಿಷಯವನ್ನು ಗೊತ್ತಿಲ್ಲದವರಿಗೆ ತಿಳಿಸುವ ದನಿ. "ನೀನು ಕೀಪರ್ ಆಗಿದ್ದೋನು. ನಿಂಗೆ ಗೊತ್ತಿಲ್ದೆ ಹೇಳ್ತೀಯಾ?"

ಸುಳ್ಳು ಹೇಳಿದೆ ಎಂದೆ. ಜನ ನಗಲಿ ಅಂತ ಹೇಳಿದೆ ಎಂದೆ. ಅವಳು ಹಾಲು ಕುಡಿದು ಲೋಟ ತೊಳೆದಿಟ್ಟು, "ಇಟ್ಸ್ ಓಕೆ, ತಾತ," ಎಂದು ರೂಮಿಗೆ ಹೋದಳು. ಹಂಚಿನಲ್ಲಿದ್ದ ರೊಟ್ಟಿ ಸೀದಿತ್ತು. ಆ ಶನಿವಾರ ಗೋಲಿನಲ್ಲಿ ಬೇರೆ ಯಾರೋ ಹುಡುಗಿ ನಿಂತಳು.

ಈಗಲೂ ಕೆಲವು ಸಂಜೆ ಗ್ಯಾರೇಜಿನ ಮುಂದೆ ಸ್ಟೂಲು ಹಾಕಿಕೊಂಡು ಕರೆಯುತ್ತೇನೆ. ಬೇಡ ಎನ್ನುವುದಿಲ್ಲ, ಬರುತ್ತಾಳೆ. ನಾನು ಎಸೆಯುತ್ತೇನೆ, ಅವಳು ಹಿಡಿಯುತ್ತಾಳೆ, ಬಾಗಿಲು ಸದ್ದು ಮಾಡುವುದಿಲ್ಲ. ಪ್ರತಿ ಸಲ "ಶಭಾಷ್" ಎನ್ನುತ್ತೇನೆ, ಎದುರುಮನೆಯ ಮುದುಕಿಗೂ ಕೇಳಿಸುವಷ್ಟು ಗಟ್ಟಿಯಾಗಿ. ಅವಳು ಚೆಂಡನ್ನು ಉರುಳಿಸಿ ವಾಪಸು ಕಳಿಸುತ್ತಾಳೆ. ಇನ್ನೊಂದಕ್ಕೆ ಮೊಣಕಾಲು ಬಗ್ಗಿಸಿ ನಿಲ್ಲುತ್ತಾಳೆ. ಏನು ಹೇಳಿದರೂ ನನ್ನ ಮುಖ ನೋಡುವುದಿಲ್ಲ, ಸೊಂಟ ನೋಡುತ್ತಿರುತ್ತಾಳೆ.